ಹಳೆಯ ಕಾರು: ದುರಸ್ತಿಯೋ, ಬದಲಾವಣೆಯೋ? ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ ತೋಟದ ಮನೆಯಿಂದ ಪೇಟೆಗೆ, ಶಾಲೆಗೆ ಹಾಗೂ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಿಬರಲು ಹಳೆಯ ಕಾರನ್ನೇ ಅವಲಂಬಿಸಿರುವ ಕುಟುಂಬಗಳು ಅನೇಕ. ದೊಡ್ಡ ಮೊತ್ತದ ದುರಸ್ತಿ ಎದುರಾದಾಗ ಕಾರನ್ನು ಉಳಿಸಿಕೊಳ್ಳುವುದೇ ಅಥವಾ ಬದಲಾಯಿಸುವುದೇ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಈ ನಿರ್ಧಾರಕ್ಕೆ ಕಾರಿನ ವಯಸ್ಸಿಗಿಂತ, ಅದರ ಬಾಡಿ ಇನ್ನೆಷ್ಟು ವರ್ಷ ಸುರಕ್ಷಿತವಾಗಿ ಉಳಿಯಬಲ್ಲದು ಎಂಬುದೇ ಮುಖ್ಯ ಆಧಾರವಾಗಿರುತ್ತದೆ.

1. ಹದಿನೈದು ವರ್ಷಗಳ ನಿಯಮ

15 ವರ್ಷ ತುಂಬಿದ ಕಾರನ್ನು ಕಡ್ಡಾಯವಾಗಿ ಗುಜರಿಗೆ ಹಾಕಬೇಕೆಂಬ ತಪ್ಪು ಕಲ್ಪನೆ ಸಾರ್ವಜನಿಕರಲ್ಲಿದೆ. ಡೀಸೆಲ್ ವಾಹನಗಳಿಗೆ 10 ವರ್ಷ ಹಾಗೂ ಪೆಟ್ರೋಲ್ ವಾಹನಗಳಿಗೆ 15 ವರ್ಷಗಳ ಮಿತಿ ವಿಧಿಸಿದ 2018ರ ಸರ್ವೋಚ್ಚ ನ್ಯಾಯಾಲಯದ ಆದೇಶವು ದೆಹಲಿ ರಾಷ್ಟ್ರ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು, ಕರ್ನಾಟಕದ ಖಾಸಗಿ ಕಾರುಗಳಿಗೆ ಅನ್ವಯಿಸುವುದಿಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರಂತೆ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತದಲ್ಲಿದ್ದು, ತದನಂತರ ವಾಹನದ ತಪಾಸಣೆಗೆ ಒಳಪಟ್ಟು 5 ವರ್ಷಗಳ ಅವಧಿಗೆ ನವೀಕರಿಸಲು ಅವಕಾಶವಿದೆ. ಅವಧಿ ಮುಗಿಯುವ ಮುನ್ನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದು. ದಿನಾಂಕ 1-4-2022ರಿಂದ ಕಾರಿನ ನವೀಕರಣ ಶುಲ್ಕ ರೂ. 5,000 ಆಗಿದ್ದು, 2025ರ ತಿದ್ದುಪಡಿಯಂತೆ 20 ವರ್ಷ ಮೀರಿದ ಕಾರುಗಳಿಗೆ ರೂ. 10,000 ನಿಗದಿಯಾಗಿದೆ. ವಿಳಂಬಕ್ಕೆ ಹೆಚ್ಚುವರಿ ಶುಲ್ಕವಿರುತ್ತದೆ. ಇದಲ್ಲದೆ ರಾಜ್ಯದ ಹಸಿರು ತೆರಿಗೆಯನ್ನೂ ಪಾವತಿಸತಕ್ಕದ್ದು.

2. ಮೊದಲು ಬಾಡಿಯ ತಪಾಸಣೆ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಕೆಂಪು ಮಣ್ಣಿನ ಕೆಸರು ಕಾರಿನ ಅಡಿಭಾಗದಲ್ಲಿ ಅಂಟಿಕೊಂಡು ತಿಂಗಳುಗಟ್ಟಲೆ ತೇವ ಉಳಿಯುವುದರಿಂದ, ಇಂಜಿನ್ ಸುಸ್ಥಿತಿಯಲ್ಲಿದ್ದರೂ ಬಾಡಿ ಮೊದಲೇ ಶಿಥಿಲವಾಗುವುದುಂಟು. ಆದ್ದರಿಂದ ಇಂಜಿನ್ ಕೆಲಸಕ್ಕೆ ಒಪ್ಪಿಗೆ ನೀಡುವ ಮುನ್ನ ಕಾರನ್ನು ಮೇಲಕ್ಕೆತ್ತಿಸಿ ಈ ಕೆಳಗಿನವುಗಳನ್ನು ಪರೀಕ್ಷಿಸುವುದು ಸೂಕ್ತ:

- ಜಾಕ್ ಕೊಡುವ ಜಾಗ, ಬಾಗಿಲುಗಳ ಕೆಳಗಿನ ಪಟ್ಟಿ ಹಾಗೂ ನೆಲದ ತಗಡು
- ಸಸ್ಪೆನ್ಷನ್ ಬಾಡಿಗೆ ಜೋಡಣೆಯಾಗುವ ಸ್ಥಳ
- ಬ್ರೇಕ್ ಪೈಪುಗಳು ಮತ್ತು ಇಂಧನದ ಪೈಪುಗಳು

ಬಾಗಿಲು ಅಥವಾ ಬಾನೆಟ್ಟಿನ ಮೇಲ್ಮೈ ತುಕ್ಕನ್ನು ಟಿಂಕರಿಂಗ್ ಮತ್ತು ಪೇಂಟಿಂಗ್‌ನಿಂದ ಸರಿಪಡಿಸಬಹುದು. ಆದರೆ ಸಸ್ಪೆನ್ಷನ್ ಜೋಡಣೆಯ ಸ್ಥಳದಲ್ಲಿ ತಗಡು ತೂತಾಗಿದ್ದಲ್ಲಿ, ತೇಪೆ ಹಾಕಿ ಓಡಿಸುವುದು ಅಪಾಯಕರ. ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಪೈಪು ಒಡೆದರೆ ಪ್ರಾಣಾಪಾಯವೇ ಸಂಭವಿಸಬಹುದು. ಕ್ಲಚ್, ಶಾಕ್ ಅಬ್ಸಾರ್ಬರ್, ಟೈರು, ಬ್ಯಾಟರಿ ಇವು ಸವೆದು ಬದಲಾಗುವ ಭಾಗಗಳಾಗಿದ್ದು, ಕೇವಲ ಇವುಗಳ ವೆಚ್ಚಕ್ಕಾಗಿ ಕಾರನ್ನು ಮಾರುವ ಅಗತ್ಯವಿರುವುದಿಲ್ಲ.

ನೇತ್ರಾವತಿ ಅಥವಾ ಹೊಳೆಗಳ ನೆರೆಯಲ್ಲಿ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಎಳೆದೊಯ್ಯಬೇಕು. ನೀರು ನುಗ್ಗಿದ ಇಂಜಿನನ್ನು ಸ್ಟಾರ್ಟ್ ಮಾಡಿದಲ್ಲಿ ಕನೆಕ್ಟಿಂಗ್ ರಾಡ್ ಬಾಗಬಹುದು.

3. ವಾರ್ಷಿಕ ವೆಚ್ಚದ ಲೆಕ್ಕ

ದುರಸ್ತಿಯ ಬಿಲ್ಲನ್ನು ಹೊಸ ಕಾರಿನ ಬೆಲೆಯೊಡನೆ ನೇರವಾಗಿ ಹೋಲಿಸುವುದು ಸರಿಯಲ್ಲ. ಎರಡನ್ನೂ ವಾರ್ಷಿಕ ವೆಚ್ಚವಾಗಿ ಪರಿವರ್ತಿಸಿ ಹೋಲಿಸತಕ್ಕದ್ದು.

ಉದಾಹರಣೆಗೆ, ಹಳೆಯ ಕಾರಿನ ಇಂದಿನ ಮಾರಾಟ ಬೆಲೆ ರೂ. 80,000, ದುರಸ್ತಿ ವೆಚ್ಚ ರೂ. 75,000, ಕೊನೆಯ ಗುಜರಿ ಬೆಲೆ ರೂ. 20,000 ಎಂದು ಭಾವಿಸೋಣ. ಒಟ್ಟು ಹೊರೆ ರೂ. 1,35,000. ಕಾರು ಮೂರು ವರ್ಷ ಬಾಳಿದಲ್ಲಿ ವರ್ಷಕ್ಕೆ ರೂ. 45,000, ಒಂದೇ ವರ್ಷ ಬಾಳಿದಲ್ಲಿ ಪೂರ್ತಿ ರೂ. 1,35,000.

ಇನ್ನೊಂದೆಡೆ, ವಿಮಾ ಸವಕಳಿ ಪಟ್ಟಿಯಂತೆ ಹೊಸ ಕಾರಿನ ಮೌಲ್ಯವು ಐದನೇ ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ರೂ. 6,00,000ದ ಕಾರಿಗೆ ಇದು ವರ್ಷಕ್ಕೆ ರೂ. 60,000. ಸಾಲದ ಬಡ್ಡಿ, ಆಜೀವ ತೆರಿಗೆ ಹಾಗೂ ಹೆಚ್ಚಿನ ವಿಮಾ ಕಂತು ಇದಕ್ಕೆ ಸೇರುತ್ತವೆ. ಹೀಗೆ, ಬಾಡಿ ಗಟ್ಟಿಯಿದ್ದಲ್ಲಿ ದುರಸ್ತಿ ಲಾಭಕರ; ಇಲ್ಲವಾದಲ್ಲಿ ಅದೇ ದುರಸ್ತಿ ನಷ್ಟಕರ.

4. ಸುರಕ್ಷತೆ

ಲೆಕ್ಕದಲ್ಲಿ ಬಾರದ ಅಂಶವೊಂದಿದೆ. ಚಾಲಕನ ಏರ್‌ಬ್ಯಾಗ್ ಮತ್ತು ಎಬಿಎಸ್ ಬ್ರೇಕ್ ವ್ಯವಸ್ಥೆ ಕಾರುಗಳಲ್ಲಿ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲಿ ಇವು ಇಲ್ಲ, ಗ್ಯಾರೇಜಿನಲ್ಲಿ ಅಳವಡಿಸುವುದೂ ಕಾರ್ಯಸಾಧ್ಯವಲ್ಲ. ಬಿ.ಸಿ.ರೋಡ್ ಅಥವಾ ಮೂಡುಬಿದಿರೆಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ದಿನನಿತ್ಯ ಸಂಚರಿಸುವವರು ಇದನ್ನು ವಿಶೇಷವಾಗಿ ಪರಿಗಣಿಸುವುದು ಸೂಕ್ತ. ಊರೊಳಗೆ ವಾರಕ್ಕೊಮ್ಮೆ ಬಳಸುವವರ ಪರಿಸ್ಥಿತಿ ಬೇರೆ.

5. ಬದಲಾಯಿಸುವುದಾದಲ್ಲಿ

ಮಾರಾಟದ ನಂತರ ನಮೂನೆ 29 ಮತ್ತು 30ರ ಮೂಲಕ ಮಾಲೀಕತ್ವ ವರ್ಗಾವಣೆಯನ್ನು ಪೂರ್ಣಗೊಳಿಸತಕ್ಕದ್ದು. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ಪರಿಚಿತರಿಗೆ ಬಾಯಿಮಾತಿನ ಮೇಲೆ ಕಾರು ಒಪ್ಪಿಸಿದವರಿಗೂ ಇದು ಅನ್ವಯಿಸುತ್ತದೆ.

ಗುಜರಿಗೆ ನೀಡುವುದಾದಲ್ಲಿ 2021ರ ನಿಯಮಗಳಡಿ ನೋಂದಾಯಿತವಾದ ಕೇಂದ್ರಕ್ಕೇ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯಬೇಕು. ಇದರ ಆಧಾರದ ಮೇಲೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ. ಹಳೆಯ ಕಾರಿನ ನೋಂದಣಿ ರದ್ದಾಗಿರುವುದನ್ನು ಮಾಲೀಕರು ಖಚಿತಪಡಿಸಿಕೊಳ್ಳತಕ್ಕದ್ದು.

ಕಾರನ್ನು ಉಳಿಸಿಕೊಳ್ಳುವವರು ಮಳೆಗಾಲಕ್ಕೆ ಮುನ್ನ ಅಡಿಭಾಗಕ್ಕೆ ತುಕ್ಕುನಿರೋಧಕ ಲೇಪನ ಮಾಡಿಸಿ, ಮಳೆಗಾಲ ಕಳೆದ ಮೇಲೆ ಕೆಸರನ್ನು ತೊಳೆಸಿ, ವಿಮೆ ಹಾಗೂ ಹೊಗೆ ತಪಾಸಣಾ ಪ್ರಮಾಣಪತ್ರಗಳನ್ನು ಚಾಲ್ತಿಯಲ್ಲಿಡಲು ಕೋರಲಾಗಿದೆ.