ಕಾಗಾಲದ ಕಟ್ಟೆಯ ಮೇಲೆ

ಊರಿಗೆ ಬಂದ ನೆಂಟರು ಕಾಲು ತೊಳೆದು, ಬೆಲ್ಲ ನೀರು ಕುಡಿದು, ಜಗಲಿಯ ಮೇಲೆ ಕುಳಿತೊಡನೆ ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: “ನಿಮ್ಮ ಕಡೆ ನೋಡತಕ್ಕುದು ಏನಿದೆ?” ಗೋಕರ್ಣದ ಹೆಸರನ್ನು ಅವರು ಮೊದಲೇ ಬಲ್ಲರು. ಅಘನಾಶಿನಿಯ ಅಳಿವೆಗೆ ಈಚೆ, ಕುಮಟೆಯ ನೆರೆಯಲ್ಲಿರುವ ನಮ್ಮ ಕಾಗಾಲವನ್ನು ಬಲ್ಲವರು ವಿರಳ. ಅಂಥವರನ್ನು ನಾವು ಮೂರು ಸ್ಥಳಗಳಿಗೆ ಕರೆದೊಯ್ಯುವುದು ರೂಢಿ. ಶ್ರೋತೃಗಳೂ ಈ ಹೊತ್ತು ನಮ್ಮ ಸಂಗಡ ಬರಬೇಕೆಂದು ಪ್ರಾರ್ಥನೆ.

ಮೊದಲನೆಯದು, ಹೊಳೆಯ ಮೇಲ್ಗಡೆ ಮೂಡಣಕ್ಕಿರುವ ಮಿರ್ಜಾನದ ಕೋಟೆ. ಚಿರೇಕಲ್ಲಿನ ಇಮ್ಮಡಿ ಗೋಡೆ, ಎತ್ತರವಾದ ಬುರುಜುಗಳು, ಸುತ್ತಲೂ ಕಂದಕ, ಒಳಗೆ ಬಾವಿಗಳು. ಮಳೆಗಾಲದಲ್ಲಿ ಇವೆಲ್ಲಕ್ಕೂ ಹಾವಸೆಯ ಹಸುರು ಹೊದಿಕೆ. ಈ ಕೋಟೆಯನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಹೇಳುವುದು ವಾಡಿಕೆ. ೧೫೫೨ರಿಂದ ೧೬೦೬ರವರೆಗೆ ಆಳಿದಳೆನ್ನಲಾದ ಈ ಜೈನರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಹೆಸರಿನಲ್ಲಿಯೇ ಕೋಟೆಯ ಅರ್ಥವೂ ಅಡಗಿದೆ. ಘಟ್ಟದ ತೋಟಗಳ ಕರಿಮೆಣಸು ದೋಣಿಗಳನ್ನೇರಿ ಕಡಲಿಗೆ ಇಳಿಯುತ್ತಿದ್ದುದು ಇಂಥ ಹೊಳೆಗಳಿಂದಲೇ. ಆ ದಾರಿಯನ್ನು ಕಾಯುವುದೇ ಕೋಟೆಯ ಕೆಲಸವಾಗಿದ್ದಿತು. ೨೦೦೦ರ ಸುಮಾರಿಗೆ ಪುರಾತತ್ತ್ವ ಇಲಾಖೆಯವರು ಇಲ್ಲಿ ಅಗೆದಾಗ ಚೀನಾ ದೇಶದ ಪಿಂಗಾಣಿಯ ಚೂರುಗಳೂ ದೊರೆತುವು. ಮೆಣಸು ಹೋದ ದಾರಿಯಲ್ಲಿ ಏನೇನು ಬಂದಿತೆಂಬುದಕ್ಕೆ ಅವು ಸಾಕ್ಷಿ. ವ್ಯಾಪಾರವು ಬೇರೆ ಕೈಗಳಿಗೆ ಹೋದ ಮೇಲೆ ಕೋಟೆಯೂ ಕೈಯಿಂದ ಕೈಗೆ ಹೋಗಿ, ಕಡೆಗೆ ಬರಿದಾಯಿತು.

ಎರಡನೆಯದು ಕುಮಟೆಯ ಹಳೆಯ ಬಂದರು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವಾಗಿ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯಿಲ್ಲದಂತಾಯಿತು. ಆಗ ಧಾರವಾಡ ಸೀಮೆಯ ಹತ್ತಿಯು ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ ಬಂದು, ಇಲ್ಲಿಂದ ಮುಂಬಯಿಗೆ ಸಾಗಿತು. ದೂರದ ವರ್ತಕರು ಆ ಹತ್ತಿಯನ್ನು ‘ಕುಮಟಾ’ ಎಂದೇ ಕರೆದರು. ನಮ್ಮ ಮರಳಿನಲ್ಲಿ ಒಂದು ಗಿಡವೂ ಬೆಳೆಯದ ಬೆಳೆಗೆ ನಮ್ಮ ಊರಿನ ಹೆಸರು! ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ ಈ ಹತ್ತಿಯ ವರ್ತಕರ ಒತ್ತಾಯವಿದ್ದಿತು. ೧೮೮೦ರ ದಶಕದಲ್ಲಿ ಹುಬ್ಬಳ್ಳಿಗೂ ಅಲ್ಲಿಂದ ಮುರಗಾಂವಿಗೂ ರೈಲುದಾರಿಯಾಯಿತು. ಹತ್ತಿಯು ದಾರಿ ಬದಲಿಸಿತು. ಬಂದರಿನ ವೈಭವ ಇಳಿಯಿತು.

ಮೂರನೆಯ ಸ್ಥಳಕ್ಕೆ ಕರೆದೊಯ್ದಾಗ ನೆಂಟರು ನಮ್ಮ ಮುಖ ನೋಡುತ್ತಾರೆ. ಅದೊಂದು ಕಟ್ಟೆ, ಅದರ ಈಚೆಗೆ ಗದ್ದೆ, ಆಚೆಗೆ ಅಳಿವೆಯ ಉಪ್ಪುನೀರು. ಈ ಗದ್ದೆಗಳಿಗೆ ನಮ್ಮಲ್ಲಿ ಗಜನಿಯೆಂದು ಹೆಸರು. ಇಲ್ಲಿ ಬೆಳೆಯುವ ಭತ್ತಕ್ಕೆ ಕಗ್ಗವೆಂದು ಹೆಸರು. ಮುಂಗಾರಿನ ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಬಿತ್ತನೆ. ನೆರೆನೀರಿನಲ್ಲಿ ಕೆಲವು ದಿನ ಮುಳುಗಿದರೂ ಕಗ್ಗವು ಕೊಳೆಯದು, ಕೊಂಚ ಉಪ್ಪು ತಗುಲಿದರೂ ಸಾಯದು, ಗೊಬ್ಬರವನ್ನು ಬೇಡದು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನಿಲ್ಲಗೊಡುವರು. ಬಳಿಕ ತೂಬಿನ ಹಲಗೆ ತೆಗೆದು ಭರತದ ನೀರನ್ನು ಒಳಗೆ ಬಿಟ್ಟರೆ, ಆ ಹುಲ್ಲಿನ ಆಸರೆಯಲ್ಲಿ ಸಿಗಡಿಯೂ ಮೀನೂ ಬೆಳೆಯುತ್ತವೆ. ಒಂದೇ ನೆಲದಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಮೀನು.

ಇಷ್ಟಕ್ಕೂ ಆಧಾರ ಈ ಕಟ್ಟೆಯೇ. ಏಡಿಯು ಕೊರೆದ ಸಣ್ಣ ತೂತೊಂದು ಸಾಕು. ಒಬ್ಬನ ಗದ್ದೆಯೊಂದೇ ಅಲ್ಲ, ಎಲ್ಲರ ಗದ್ದೆಯೂ ಉಪ್ಪಾಗುತ್ತದೆ. ಆದುದರಿಂದ ಹಿಂದಿನವರು ವರ್ಷವರ್ಷವೂ ಕೂಡಿಯೇ ಮಣ್ಣು ಹಾಕಿದರು, ಕೂಡಿಯೇ ಕಾದರು. ೧೯೭೦ರ ದಶಕದಲ್ಲಿ ಸರ್ಕಾರದಿಂದ ಕಲ್ಲಿನ ಕಟ್ಟೆಗಳಾದುವು. ಅನುಕೂಲವೇನೋ ಆಯಿತು, ಆದರೆ ಕಟ್ಟೆಯು ಸರ್ಕಾರದ್ದೆಂಬ ಭಾವನೆ ಬಂದು, ಕೂಡಿ ಕಾಯುವ ಅಭ್ಯಾಸ ಸಡಲಿತು. ಮುಂದೆ ಸಿಗಡಿ ಸಾಕಣೆಯ ಲಾಭ ಕಣ್ಣಿಗೆ ಬಿದ್ದಿತು. ವರ್ಷವಿಡೀ ಉಪ್ಪುನೀರು ನಿಂತ ಗಜನಿಗಳಲ್ಲಿ ಕಗ್ಗವು ಹಿಂದೆ ಸರಿಯಿತು. ಬೀಜವನ್ನು ಉಳಿಸಿ ಬಿತ್ತುವ ಮನೆಗಳು ಈಗ ಕೆಲವೇ.

೨೦೨೪ರಲ್ಲಿ ಅಘನಾಶಿನಿಯ ಅಳಿವೆಯ ೪೮೦೧ ಹೆಕ್ಟೇರು ಪ್ರದೇಶವು ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿತು. ಲೋಕವೇ ಕಾಪಾಡತಕ್ಕ ಜೌಗು ನೆಲವೆಂದು ಇದಕ್ಕೆ ಮನ್ನಣೆ ದೊರೆತುದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೂ ಏಡಿಯ ತೂತನ್ನು ಮುಚ್ಚುವುದಕ್ಕೆ ಪಟ್ಟಿ ಸಾಲದು. ಒಂದು ಬುಟ್ಟಿ ಮಣ್ಣೂ ಎರಡು ಕೈಗಳೂ ಬೇಕು.

ಮೆಣಸಿಗಾಗಿ ಕಟ್ಟಿದ ಕೋಟೆ ಬರಿದಾಯಿತು. ಹತ್ತಿಯಿಂದ ಬೆಳೆದ ಬಂದರು ಬಡವಾಯಿತು. ಅವೆರಡರ ಭಾಗ್ಯವೂ ದೂರದ ಪೇಟೆಗಳಿಗೆ ಸೇರಿದ್ದಿತು. ಕಟ್ಟೆಯ ಭಾಗ್ಯವು ನಮ್ಮ ಕೈಯಲ್ಲಿಯೇ ಇದೆ. ನೋಡತಕ್ಕುದು ಏನಿದೆಯೆಂದು ಕೇಳಿದ ನೆಂಟರನ್ನು ನಾವು ಸಂಜೆಯ ಇಳಿತದ ಹೊತ್ತಿಗೆ ಅದರ ಮೇಲೆ ನಿಲ್ಲಿಸುತ್ತೇವೆ. ಆಚೆ, ನೀರಿಳಿದ ಕೆಸರಿನಲ್ಲಿ ಬಳಚು ಆಯುವವರು ಬಾಗಿರುತ್ತಾರೆ. ಈಚೆ, ಉಳಿದ ಕೆಲವು ಗದ್ದೆಗಳಲ್ಲಿ ಕಗ್ಗವು ಗಾಳಿಗೆ ತೂಗುತ್ತಿರುತ್ತದೆ. ಮನೆಗೆ ಬಂದ ಮೇಲೆ ಅದೇ ಅಕ್ಕಿಯ ಗಂಜಿಯನ್ನು ಅವರಿಗೆ ಬಡಿಸುತ್ತೇವೆ.