ಬಾಗಿಲಿಗೆ ಬೇವು, ಒಳಗೆ ಬಸುರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮೈಮೇಲೆ ನೀರುಗುಳ್ಳೆ ಎದ್ದರೆ ‘ಅಮ್ಮ ಬಂದಾಳ’ ಎನ್ನುವವರು ಇಂದಿಗೂ ಇದ್ದಾರೆ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತಾರೆ, ಒಗ್ಗರಣೆ ನಿಲ್ಲಿಸುತ್ತಾರೆ, ಹೊರಗಿನವರನ್ನು ಒಳಗೆ ಕರೆಯುವುದಿಲ್ಲ. ಗುಳ್ಳೆ ಒಣಗಿದ ಮೇಲೆ ಬೇವಿನ ನೀರಿನ ಜಳಕ, ದೇವಿಗೆ ಮೊಸರನ್ನದ ಎಡೆ. ಇದೆಲ್ಲ ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವ ಮಾತು ನನಗೆ ಒಪ್ಪಿಗೆಯಿಲ್ಲ. ಬೇವು ರೋಗ ವಾಸಿಮಾಡದಿದ್ದರೂ ನೆರೆಮನೆಯ ಬಸುರಿಯನ್ನು ಹೊಸ್ತಿಲಾಚೆ ನಿಲ್ಲಿಸುತ್ತಿತ್ತು. ಆದರೆ ಅದೇ ಮನೆಯ ಬಸುರಿಯನ್ನು ಕಾಯಲು ಈ ಪದ್ಧತಿಗೆ ಆಗಲಿಲ್ಲ. ಏಕೆಂದರೆ ‘ಅಮ್ಮ’ ಎನ್ನಿಸಿಕೊಳ್ಳುವ ಸೀತಾಳೆ ಸಿಡುಬು ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಹರಡತೊಡಗುತ್ತದೆ. ಬಸುರಿಯ ಕುಬಸಕ್ಕೆ ಬಂಧುಬಳಗದ ಮಕ್ಕಳೆಲ್ಲ ಸೇರುವ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ಈ ಸೀಮೆಯಲ್ಲಿ ಬೇವು ಕಟ್ಟುವ ಹೊತ್ತಿಗೆ ಸೋಂಕು ಆಕೆಗೆ ತಗುಲಿರಲೂಬಹುದು.

ಈ ಅಪಾಯ ಯಾರ ಕಣ್ಣಿಗೂ ಬೀಳದಿರಲು ಸಿಡುಬೇ ಕಾರಣ. ಸಿಡುಬು, ಸೀತಾಳೆ ಸಿಡುಬು ಎರಡೂ ಬೇರೆ ಬೇರೆ ರೋಗಗಳೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1767ರಲ್ಲೇ ವಿವರಿಸಿದ್ದ. ಆದರೆ ಸಿಡುಬು ಜೀವ ತೆಗೆಯುತ್ತಿತ್ತು, ಕಣ್ಣು ಕಳೆಯುತ್ತಿತ್ತು. ಅದರ ಮುಂದೆ ಇನ್ನೊಂದು ಹಗುರವಾಗಿ ಕಂಡದ್ದು ಸಹಜ. ಸಿಡುಬು ತಡೆಯುವ ಜೆನ್ನರನ ದಾಕು 1802ರಲ್ಲಿ ಮುಂಬಯಿಗೆ ಬಂತು. 1824ರಲ್ಲಿ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಆಮೇಲೆ ಈ ನಾಡು ಮುಂಬಯಿ ಆಡಳಿತದ ಬೆಳಗಾವಿ ಜಿಲ್ಲೆಗೆ ಸೇರಿತು. ರಾಮದುರ್ಗ ಮಾತ್ರ 1948ರವರೆಗೆ ಪ್ರತ್ಯೇಕ ಸಂಸ್ಥಾನ. ಇಲ್ಲಿಯೂ ದಾಕು ಹಾಕುವವರ ಗುರಿ ಸಿಡುಬೊಂದೇ ಆಗಿತ್ತು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದಾಗ ಅಮ್ಮನ ಭಯವೂ ಕರಗಿತು. ಸೀತಾಳೆ ಸಿಡುಬು ಮಾತ್ರ ಹಾಗೇ ಉಳಿಯಿತು.

ಮಕ್ಕಳಿಗೆ ಬಂದು ಹೋಗುವ ರೋಗಕ್ಕೆ ಇಷ್ಟೇಕೆ ಚಿಂತೆ ಎಂದು ಕೇಳಬಹುದು. ಉಷ್ಣವಲಯದ ನಾಡುಗಳಲ್ಲಿ ಎಷ್ಟೋ ಮಂದಿಗೆ ಇದು ಬಾಲ್ಯದಲ್ಲಿ ಬರುವುದೇ ಇಲ್ಲ. ಅವರು ರಕ್ಷಣೆಯಿಲ್ಲದೆಯೇ ಹರೆಯಕ್ಕೆ ಬರುತ್ತಾರೆ. ಬಸುರಿಗೆ ತಗುಲಿದರೆ ನ್ಯುಮೋನಿಯಾ ಉಲ್ಬಣಿಸಬಹುದು. ಮೊದಲ 20 ವಾರಗಳಲ್ಲಿ ಬಂದರೆ ನೂರರಲ್ಲಿ ಒಂದೆರಡು ಶಿಶುಗಳಿಗೆ ಕೈಕಾಲು, ಕಣ್ಣು, ಮಿದುಳಿನ ಊನವಾಗುತ್ತದೆ. ಅಷ್ಟು ಅಪರೂಪವಲ್ಲವೇ ಎನ್ನುವವರು ಹೆರಿಗೆಯ ದಿನಗಳನ್ನೂ ನೋಡಬೇಕು: ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನ ನಂತರದವರೆಗೆ ತಾಯಿಗೆ ಗುಳ್ಳೆ ಎದ್ದರೆ, ಆಕೆಯ ಪ್ರತಿಕಾಯಗಳು ಸಾಕಷ್ಟು ದಾಟುವ ಮೊದಲೇ ವೈರಸ್ಸು ಕೂಸನ್ನು ಮುಟ್ಟಿರುತ್ತದೆ. ಅಂಥ ಕೂಸಿನ ಪ್ರಾಣಕ್ಕೇ ಸಂಚಕಾರ. ಚಿಕ್ಕಂದಿನಲ್ಲೇ ಈ ರೋಗ ಬಂದು ಹೋದ ತಾಯಿಗಾದರೋ ಈ ಭಯವಿಲ್ಲ. ಆಕೆಯ ಪ್ರತಿಕಾಯ ಮಾಸುಚೀಲದ ಮೂಲಕ ಕೂಸನ್ನೂ ಕಾಯುತ್ತದೆ.

ಚಿಕ್ಕಂದಿನಲ್ಲಿ ಬಂದಿತ್ತೇ ಎಂದು ತಿಳಿಯಲು ಮನೆಯ ಹಿರಿಯರ ನೆನಪು ಸಾಲದೇ? ಬಹುಮಟ್ಟಿಗೆ ಸಾಕು, ಆದರೆ ದಡಾರವನ್ನೂ ಅಮ್ಮ ಎಂದೇ ಕರೆದಿರಬಹುದು. ಸಂಶಯವಿದ್ದಲ್ಲಿ ರಕ್ತಪರೀಕ್ಷೆ ಹೇಳುತ್ತದೆ. ಜಪಾನಿನ ಮಿಚಿಯಾಕಿ ತಕಹಾಶಿ 1974ರಲ್ಲಿ ಸಿದ್ಧಪಡಿಸಿದ ಸೀತಾಳೆ ಸಿಡುಬಿನ ಲಸಿಕೆ ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಇಲ್ಲ. ಅದು ಜೀವಂತ ವೈರಸ್ಸಿನದಾದ್ದರಿಂದ ಬಸುರಿಗೆ ಕೊಡುವಂತೆಯೂ ಇಲ್ಲ. ಹಾಕಿಸಿಕೊಂಡ ಮೇಲೆ ಕನಿಷ್ಠ ಒಂದು ತಿಂಗಳು ಗರ್ಭ ತಡೆಯಬೇಕು. ಆದ್ದರಿಂದ ಮದುವೆ ಗೊತ್ತಾದ ಮನೆಯವರು ‘ನಿನಗ ಅಮ್ಮ ಬಂದಿತ್ತೇನವ್ವಾ?’ ಎಂದು ಮಗಳನ್ನು ಆಗಲೇ ಕೇಳಿರಿ. ಹಿಂದೆ ಅಮ್ಮ ಬಾರದ ಬಸುರಿಗೆ ರೋಗಿಯ ಸಂಪರ್ಕವಾದರೆ ಗುಳ್ಳೆಗೆ ಕಾಯದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಪ್ರತಿಕಾಯದ ಚುಚ್ಚುಮದ್ದಿಗೆ ಇರುವ ಅವಧಿ ಹತ್ತೇ ದಿನ.