ಅರಬ್ಬೀ ಸಮುದ್ರದ ಪ್ಲಾಂಕ್ಟನ್ ಮತ್ತು ಪ್ರಾಚೀನ ಹವಾಮಾನ

ಅರಬ್ಬೀ ಸಮುದ್ರದ ಜೈವಿಕ ಉತ್ಪಾದಕತೆ ಬಹುಮಟ್ಟಿಗೆ ಮಾನ್ಸೂನ್ ಮಾರುತಗಳನ್ನು ಅವಲಂಬಿಸಿದೆ. ಬೇಸಿಗೆಯ ನೈಋತ್ಯ ಮಾರುತ ಒಮಾನ್ ಮತ್ತು ಸೊಮಾಲಿಯಾ ತೀರದ ಮೇಲ್ಮೈ ನೀರನ್ನು ದೂರ ತಳ್ಳುತ್ತದೆ. ಆಗ ಆಳದ ತಣ್ಣನೆಯ ನೀರು ನೈಟ್ರೇಟ್, ಫಾಸ್ಫೇಟ್‌ಗಳೊಡನೆ ಮೇಲೇಳುತ್ತದೆ. ಸಸ್ಯಪ್ಲಾಂಕ್ಟನ್ ಹುಲುಸಾಗಿ ಬೆಳೆಯುತ್ತದೆ.

ದಾಖಲೆ: ಗ್ಲೋಬಿಜೆರೈನಾ ಬುಲಾಯ್ಡಿಸ್ ಎಂಬ ಸುಣ್ಣಚಿಪ್ಪಿನ ಏಕಕೋಶಜೀವಿ ಇಂಥ ನೀರಿನಲ್ಲಿ ಹೇರಳ. ಕಡಲತಳದ ಮಡ್ಡಿಯಲ್ಲಿ ಅದರ ಚಿಪ್ಪುಗಳ ಪ್ರಮಾಣ, ಸಾವಯವ ಇಂಗಾಲ ಮತ್ತು ಸಾರಜನಕದ ಐಸೊಟೋಪುಗಳು ಹಿಂದಿನ ಉತ್ಪಾದಕತೆಯ ಸೂಚಕಗಳು. 1987ರಲ್ಲಿ ಅಂತರರಾಷ್ಟ್ರೀಯ ಸಾಗರ ಕೊರೆತ ಯೋಜನೆಯು ಒಮಾನ್ ತೀರದಾಚೆ ಇಂಥ ಮಡ್ಡಿಯ ಸ್ತಂಭಗಳನ್ನು ತೆಗೆಯಿತು.

ಬದಲಾವಣೆಗಳು: ಸುಮಾರು 21,000 ವರ್ಷಗಳ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಬೇಸಿಗೆ ಮಾನ್ಸೂನ್ ದುರ್ಬಲವಾಗಿ ಪಶ್ಚಿಮ ಭಾಗದ ಉತ್ಪಾದಕತೆ ಕುಗ್ಗಿತ್ತು. ಪೂರ್ವ ಭಾಗದ ಚಿತ್ರ ಬೇರೆ: ಚಳಿಗಾಲದ ಈಶಾನ್ಯ ಮಾರುತ ಬಲಗೊಂಡು, ತಂಪಾದ ಮೇಲ್ಮೈ ನೀರು ಕೆಳಗಿಳಿದು ಕಲಕಿದ್ದರಿಂದ ಅಲ್ಲಿ ಪೋಷಕಾಂಶ ದೊರೆಯುತ್ತಿತ್ತೆಂದು ಹಲವು ಅಧ್ಯಯನಗಳು ಸೂಚಿಸುತ್ತವೆ. ಹಿಮಯುಗದ ನಂತರದ ಹೊಲೊಸೀನ್ ಯುಗದ ಆರಂಭದಲ್ಲಿ ಬೇಸಿಗೆಯ ಸೂರ್ಯಶಾಖ ಹೆಚ್ಚಿ ಮಾನ್ಸೂನ್ ಮತ್ತೆ ಪ್ರಬಲವಾಯಿತು.

ಪಾಕಿಸ್ತಾನದ ತೀರದಾಚೆಯ ಮಡ್ಡಿಯನ್ನು ಕುರಿತು ಹಾರ್ಟ್‌ಮುಟ್ ಶುಲ್ಟ್ಸ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ಪಾದಕತೆಯ ಇನ್ನೂ ತ್ವರಿತ ಏರಿಳಿತಗಳನ್ನು ತೋರಿಸಿತು. ಗ್ರೀನ್‌ಲ್ಯಾಂಡ್ ಬೆಚ್ಚಗಿದ್ದ ಅವಧಿಗಳಲ್ಲಿ ಬೇಸಿಗೆ ಮಾನ್ಸೂನ್ ಬಲಗೊಂಡು ಇಲ್ಲಿ ಸಾವಯವ ಇಂಗಾಲ ತುಂಬಿದ ಕಪ್ಪು ಪದರಗಳು ಶೇಖರವಾದವು. ಕೊಳೆಯುವ ಪ್ಲಾಂಕ್ಟನ್ ಆಮ್ಲಜನಕವನ್ನು ಹೀರಿದ್ದರಿಂದ ತಳದಲ್ಲಿ ಬಿಲ ತೋಡುವ ಜೀವಿಗಳು ಉಳಿಯಲಿಲ್ಲ; ಪದರಗಳು ಕದಡಲಿಲ್ಲ. ಶೀತ ಅವಧಿಗಳ ಮಡ್ಡಿ ತಿಳಿಬಣ್ಣದ್ದು, ಜೀವಿಗಳು ಕದಡಿದ್ದು.

ಮಹತ್ವ: ಕರ್ನಾಟಕ ಕರಾವಳಿಯ ಬೂತಾಯಿ, ಬಂಗುಡೆ ಮೀನುಗಾರಿಕೆಯೂ ಮಾನ್ಸೂನ್ ಕಾಲದಲ್ಲಿ ಮೇಲೇಳುವ ನೀರಿನ ಪ್ಲಾಂಕ್ಟನ್‌ನೊಂದಿಗೆ ನಂಟು ಹೊಂದಿದೆ; ಮಾನ್ಸೂನ್ ಹಿಂದೆ ಹೇಗೆ ಬದಲಾಯಿತೆಂದು ತೋರಿಸುವ ಈ ದಾಖಲೆಗಳು ಮುಂದಿನ ಹವಾಮಾನ ಬದಲಾವಣೆಯ ಮಾದರಿಗಳನ್ನು ಪರೀಕ್ಷಿಸಲು ನೆರವಾಗುತ್ತವೆ.